ಮಳೆಗಾಲದಲ್ಲಿ ಕೋಳಿಮನೆಗೆ ಟಾರ್ಪಾಲು ಸುತ್ತಬೇಕಾ?

ಓದುಗರ ಪ್ರಶ್ನೆ: ನಮ್ಮದು ಹೊಸನಗರ ತಾಲೂಕಿನ ಹಳ್ಳಿ. ಕೊಟ್ಟಿಗೆಯ ಹಿಂಗೋಡೆಗೆ ತಾಗಿ ಮಾಡು ಇಳಿಸಿದ ಹಳೆಯ ಸೌದೆಮನೆ ಇದೆ. 20 ಅಡಿ ಉದ್ದ, 10 ಅಡಿ ಅಗಲ. ಪಶ್ಚಿಮಕ್ಕೆ ಮುಖ. ಗೋಡೆ ಐದು ಅಡಿವರೆಗೆ ಜಂಬಿಟ್ಟಿಗೆ, ಅದರ ಮೇಲೆ ತಂತಿ ಬಲೆ, ಮೇಲೆ ತಗಡು. ಹೋದ ವರ್ಷ ಅದರಲ್ಲಿ 40 ಗಿರಿರಾಜ ಕೋಳಿ ಸಾಕಿದೆವು. ಮಳೆ ಹಿಡಿದ ಮೇಲೆ ಎರಚಲು ಬರುತ್ತದೆ, ಚಳಿಯಾಗುತ್ತದೆ ಎಂದು ಬಲೆಗೆ ಪೂರ್ತಿ ಟಾರ್ಪಾಲು ಕಟ್ಟಿ, ಒಳಗೆ ಬಲ್ಬ್ ಹಾಕಿದೆವು. ಆದರೂ ಪುನರ್ವಸು ಮಳೆ ಮುಗಿಯುವ ಹೊತ್ತಿಗೆ ಕೋಳಿಗಳಿಗೆ ಸೀನು ಶುರುವಾಯಿತು, ಕಣ್ಣಲ್ಲಿ ನೀರು ಬಂತು. ಒಂಬತ್ತು ಸತ್ತವು. ಒಬ್ಬರು ಥಂಡಿಯಿಂದ ಅಂದರು, ಇನ್ನೊಬ್ಬರು ಜಾಗ ಸಾಲದು ಅಂದರು. ಈ ಸಲ 100 ಕೋಳಿ ಸಾಕುವ ಆಸೆ ಇದೆ. ಒಂದು ಕೋಳಿಗೆ ಒಂದು ಚದರಡಿ ಸಾಕು ಎಂದು ವಿಡಿಯೋದಲ್ಲಿ ಹೇಳುತ್ತಾರೆ, ನಿಜವೇ? ಹೊರಗಿನ ಗಾಳಿಯೇ ಒದ್ದೆ ಇರುವಾಗ ಟಾರ್ಪಾಲು ತೆಗೆದರೆ ಒಳಗೆ ಇನ್ನೂ ಒದ್ದೆಯಾಗುವುದಿಲ್ಲವೇ? ಫ್ಯಾನ್ ಹಾಕಿಸಬೇಕೇ?

ಉತ್ತರ: ಮಲೆನಾಡಿನ ಕೋಳಿ ಸಾಕಣೆಯಲ್ಲಿ ಜುಲೈ ತಿಂಗಳಲ್ಲಿ ನಾನು ಅತಿ ಹೆಚ್ಚು ನೋಡುವ ತೊಂದರೆ ಇದೇ. ಕೋಳಿಗೆ ಚಳಿಯಾಗಬಾರದು, ಮಳೆ ತಾಗಬಾರದು ಎಂದು ಪ್ರೀತಿಯಿಂದ ಮುಚ್ಚುತ್ತಾರೆ. ಮುಚ್ಚಿದ್ದರಿಂದಲೇ ಕೋಳಿ ಕಾಯಿಲೆ ಬೀಳುತ್ತದೆ. ನೀವು ಕೊಟ್ಟ ವಿವರ ಚೆನ್ನಾಗಿದೆ. ಅದರಲ್ಲೇ ಅರ್ಧ ಉತ್ತರವೂ ಇದೆ.

ಮೊದಲು ಜಾಗದ ಮಾತು ಮುಗಿಸೋಣ. 20 ಅಡಿಗೆ 10 ಅಡಿ ಎಂದರೆ 200 ಚದರಡಿ. ಅದರಲ್ಲಿ 40 ಕೋಳಿ ಇದ್ದವು. ಒಂದಕ್ಕೆ ಐದು ಚದರಡಿ ಸಿಕ್ಕಿದೆ. ಇದು ಬೇಕಾದ್ದಕ್ಕಿಂತ ಜಾಸ್ತಿಯೇ. ಹಾಗಿದ್ದರೂ ಕಾಯಿಲೆ ಬಂತು ಅಂದರೆ, ಹೋದ ವರ್ಷದ ತೊಂದರೆಗೆ ಜಾಗ ಕಾರಣವಲ್ಲ. ಇದನ್ನು ಗಟ್ಟಿ ಮಾಡಿಕೊಳ್ಳದೆ ಹೊಸ ಶೆಡ್ ಕಟ್ಟಿದರೆ, ದೊಡ್ಡ ಶೆಡ್‌ನಲ್ಲೂ ಅದೇ ತೊಂದರೆ ಬರುತ್ತದೆ.

ಚಳಿಯೂ ಕಾರಣವಲ್ಲ. ಕೋಳಿಯ ಮೈ ಬಿಸಿ ನಮಗಿಂತ ಹೆಚ್ಚು, ಸುಮಾರು 41 ಡಿಗ್ರಿ ಸೆಲ್ಸಿಯಸ್. ಮೈ ತುಂಬ ಪುಕ್ಕ ಬಂದ ಕೋಳಿ 10–12 ಡಿಗ್ರಿಯ ಚಳಿಯನ್ನು ಆರಾಮವಾಗಿ ತಡೆಯುತ್ತದೆ. ನಿಮ್ಮಲ್ಲಿ ಮಳೆಗಾಲದ ರಾತ್ರಿ 20 ಡಿಗ್ರಿಯ ಆಸುಪಾಸು ಇರುತ್ತದೆ. ಅದು ಕೋಳಿಗೆ ಹಿತವಾದ ಹವೆ. ಕೋಳಿ ತಡೆಯಲಾರದ್ದು ಬೇರೆ: ಒದ್ದೆ ಪುಕ್ಕ, ಕೂತ ಕಡೆ ನೇರವಾಗಿ ಮೈಗೆ ಬೀಸುವ ಗಾಳಿ, ಮತ್ತು ಉಸಿರಾಡಲು ಕೆಟ್ಟ ಗಾಳಿ. ಟಾರ್ಪಾಲು ಮೊದಲಿನ ಎರಡನ್ನು ತಡೆಯಿತು. ಮೂರನೆಯದನ್ನು ತಂದು ಒಳಗೆ ಕೂರಿಸಿತು.

ಒಳಗೆ ಏನಾಯಿತು ಎಂದು ಲೆಕ್ಕ ಹಾಕಿ ನೋಡಿ. ದೊಡ್ಡ ಕೋಳಿ ದಿನಕ್ಕೆ 110–120 ಗ್ರಾಂ ಆಹಾರ ತಿಂದರೆ, ಅದರ ಎರಡರಷ್ಟು ನೀರು ಕುಡಿಯುತ್ತದೆ. 40 ಕೋಳಿಗೆ ದಿನಕ್ಕೆ ಸುಮಾರು 9 ಲೀಟರ್ ಆಯಿತು. ಮೊಟ್ಟೆಗೆ ಹೋಗುವ ಸ್ವಲ್ಪ ಬಿಟ್ಟರೆ ಉಳಿದದ್ದೆಲ್ಲ ಉಸಿರಿನಲ್ಲಿ ಆವಿಯಾಗಿ, ಹಿಕ್ಕೆಯಲ್ಲಿ ನೀರಾಗಿ ಶೆಡ್ಡಿನೊಳಗೇ ಬರುತ್ತದೆ. ಹಿಕ್ಕೆಯ ತೂಕದಲ್ಲಿ ಮುಕ್ಕಾಲು ಪಾಲು ನೀರೇ. ದಿನಕ್ಕೆ 8 ಲೀಟರ್ ಅಂತ ಹಿಡಿದರೂ ತಿಂಗಳಿಗೆ 240 ಲೀಟರ್. ಒಂದು ಹನಿ ಎರಚಲು ಬರದಿದ್ದರೂ ಇಷ್ಟು ನೀರು ನಿಮ್ಮ ಟಾರ್ಪಾಲಿನ ಒಳಗೆ ಬಿದ್ದಿದೆ. ಹೋಗಲು ದಾರಿ ಇರಲಿಲ್ಲ. ಬೆಳಿಗ್ಗೆ ತಗಡಿನ ಒಳಮೈಯಲ್ಲಿ ಹನಿ ಕೂತು ಕೆಳಗೆ ತೊಟ್ಟಿಕ್ಕುತ್ತಿತ್ತಾ? ಇದ್ದರೆ ಅದು ಸೋರಿಕೆಯಲ್ಲ, ಕೋಳಿಗಳು ಬಿಟ್ಟ ಉಸಿರು.

ಹಾಸಿದ ಹೊಟ್ಟು ಒದ್ದೆಯಾದ ಕೂಡಲೇ ಅದರಲ್ಲಿರುವ ಬ್ಯಾಕ್ಟೀರಿಯಾ ಹಿಕ್ಕೆಯ ಯೂರಿಕ್ ಆಮ್ಲವನ್ನು ಅಮೋನಿಯಾ ಮಾಡುತ್ತವೆ. ಒಳಗೆ ಕಾಲಿಟ್ಟರೆ ಮೂಗಿಗೆ ಹೊಡೆಯುವ ಆ ಘಾಟು ಇದೇ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು 25 ಪಾಲು ದಾಟಬಾರದು ಎಂಬುದು ಕೋಳಿ ಸಾಕಣೆಯಲ್ಲಿ ಎಲ್ಲರೂ ಒಪ್ಪಿರುವ ಮಿತಿ. ದಾಟಿದರೆ ಕಣ್ಣು ಉರಿದು ನೀರು ಬರುತ್ತದೆ. ಶ್ವಾಸನಾಳದ ಒಳಗೆ ಧೂಳು, ರೋಗಾಣುಗಳನ್ನು ಹೊರಗೆ ತಳ್ಳುವ ಸೂಕ್ಷ್ಮ ಕೂದಲುಗಳಿರುತ್ತವೆ. ಅವು ಸುಸ್ತಾಗಿ ನಿಲ್ಲುತ್ತವೆ. ಆಮೇಲೆ ಸಾಮಾನ್ಯ ಗಾಳಿಯಲ್ಲಿರುವ ರೋಗಾಣುವೂ ಸಲೀಸಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಸೀನು, ಗೊರಗೊರ ಸದ್ದು, ಮೇವು ಬಿಡುವುದು, ಒಂದೊಂದಾಗಿ ಸಾಯುವುದು ಹೀಗೆ ಸಾಗುತ್ತದೆ. ಒದ್ದೆ ಹೊಟ್ಟು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ರಕ್ತಭೇದಿ ತರುವ ಕಾಕ್ಸಿಡಿಯಾ ಮೊಟ್ಟೆಗಳು ಬೆಚ್ಚಗಿನ ತೇವದಲ್ಲಿ ಒಂದೆರಡು ದಿನಕ್ಕೇ ರೋಗ ಹಬ್ಬಿಸುವ ಹಂತಕ್ಕೆ ಬರುತ್ತವೆ. ಒಣ ಹೊಟ್ಟಿನಲ್ಲಿ ಅವಕ್ಕೆ ಆ ಅವಕಾಶ ಬಹಳ ಕಡಿಮೆ.

ಮನೆಯವರಿಗೆ ಈ ಘಾಟು ಯಾಕೆ ಗೊತ್ತಾಗುವುದಿಲ್ಲ ಅಂದರೆ, ದಿನಾ ಒಳಗೆ ಓಡಾಡುವವರ ಮೂಗು ಅದಕ್ಕೆ ಒಗ್ಗಿಹೋಗಿರುತ್ತದೆ. ಮೇಲಾಗಿ ನಾವು ಐದು ಅಡಿ ಎತ್ತರದಲ್ಲಿ ಉಸಿರಾಡುತ್ತೇವೆ. ಕೋಳಿ ಉಸಿರಾಡುವುದು ನೆಲದಿಂದ ಒಂದು ಅಡಿಯಲ್ಲಿ, ಹೊಟ್ಟಿನ ಪಕ್ಕದಲ್ಲೇ. ಬೆಳಿಗ್ಗೆ ಎದ್ದ ಕೂಡಲೇ, ಏನನ್ನೂ ತೆರೆಯುವ ಮೊದಲು ಒಳಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ಒಂದೆರಡು ನಿಮಿಷ ಉಸಿರಾಡಿ. ಕಣ್ಣು ಚುರುಗುಟ್ಟಿದರೆ ಕೋಳಿಗಳು ರಾತ್ರಿಯಿಡೀ ಅದರಲ್ಲೇ ಇದ್ದವು ಅಂತ ಅರ್ಥ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಹಳ್ಳಿಯಲ್ಲಿ ಬೇರೆ ಇಲ್ಲ.

ಹೊರಗಿನ ಗಾಳಿ ಒದ್ದೆಯಲ್ವಾ?

ನಿಮ್ಮ ಪ್ರಶ್ನೆಗಳಲ್ಲಿ ನನಗೆ ತುಂಬ ಹಿಡಿಸಿದ್ದು ಇದು. ಕೇಳಲೇಬೇಕಾದ ಪ್ರಶ್ನೆ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ನಿಮ್ಮೂರೂ ಅಲ್ಲಿಂದ ದೂರವೇನಲ್ಲ. ಅಂಥ ಮಳೆಯಲ್ಲಿ ಹೊರಗಿನ ಗಾಳಿ ನೀರಿನಿಂದ ತುಂಬಿಯೇ ಇರುತ್ತದೆ. ಅದನ್ನು ಒಳಗೆ ಬಿಟ್ಟರೆ ಒಣಗುವುದು ಹೇಗೆ?

ಗಾಳಿ ಬಿಸಿಯಾದಷ್ಟೂ ಹೆಚ್ಚು ಆವಿ ಹೊರುತ್ತದೆ. 22 ಡಿಗ್ರಿಯ ಗಾಳಿ ಒಂದು ಘನ ಮೀಟರಿನಲ್ಲಿ ಹೆಚ್ಚೆಂದರೆ ಸುಮಾರು 19.4 ಗ್ರಾಂ ಆವಿ ಹಿಡಿಯುತ್ತದೆ. ಅದೇ ಗಾಳಿ 25 ಡಿಗ್ರಿಗೆ ಬಂದರೆ 23 ಗ್ರಾಂ ಹಿಡಿಯುತ್ತದೆ. ಕೋಳಿಗಳ ಮೈ ಬಿಸಿಗೆ ಶೆಡ್ಡಿನ ಒಳಗೆ ಹೊರಗಿಗಿಂತ ಎರಡು ಮೂರು ಡಿಗ್ರಿ ಹೆಚ್ಚಿರುತ್ತದೆ. ಅಂದರೆ ಪೂರ್ತಿ ಒದ್ದೆಯಾದ ಮಳೆಗಾಲದ ಗಾಳಿಯೂ ಒಳಗೆ ಬಂದು ಬೆಚ್ಚಗಾಗಿ, ಮೇಲಿಂದ ಹೊರಗೆ ಹೋಗುವಾಗ ಪ್ರತಿ ಘನ ಮೀಟರಿಗೆ ಮೂರೂವರೆ ಗ್ರಾಂನಷ್ಟು ನೀರನ್ನು ಹೊತ್ತುಕೊಂಡು ಹೋಗಬಲ್ಲದು. ನಿಮ್ಮ 8 ಲೀಟರ್ ನೀರನ್ನು ಹೀಗೆ ಹೊರಗೆ ಕಳಿಸಲು ದಿನಕ್ಕೆ ಸುಮಾರು 2,200 ಘನ ಮೀಟರ್ ಗಾಳಿ ಬೇಕು. ನಿಮ್ಮ ಶೆಡ್ಡಿನಲ್ಲಿ, ಸರಾಸರಿ ಒಂಬತ್ತು ಅಡಿ ಎತ್ತರ ಅಂತ ಹಿಡಿದರೆ, ಸುಮಾರು 50 ಘನ ಮೀಟರ್ ಗಾಳಿ ಇದೆ. ಗಂಟೆಗೆ ಎರಡು ಸಲ ಪೂರ್ತಿ ಗಾಳಿ ಬದಲಾದರೆ ಲೆಕ್ಕ ಸರಿಹೋಗುತ್ತದೆ. ತೆರೆದ ಶೆಡ್ಡಿಗೆ ಇದು ಏನೂ ಅಲ್ಲ. ಸುತ್ತಲೂ ಟಾರ್ಪಾಲು ಬಿಗಿದ ಶೆಡ್ಡಿನಲ್ಲಿ ಆಗದ ಮಾತು. ಅದೇ ಶೆಡ್ಡಿಗೆ 100 ಕೋಳಿ ತುಂಬಿದರೆ ಗಂಟೆಗೆ ಐದು ಸಲ ಬೇಕಾಗುತ್ತದೆ.

ಹಾಗಂತ ಪುಷ್ಯ, ಆಶ್ಲೇಷ ಮಳೆಯ ನಡುವೆ ಹೊಟ್ಟು ಗರಿಗರಿ ಒಣಗಿರುತ್ತದೆ ಅಂತ ನಾನು ಹೇಳುವುದಿಲ್ಲ. ಆಗುವುದಿಲ್ಲ. ಆ ದಿನಗಳಲ್ಲಿ ಗಾಳಿಯ ಕೆಲಸ ತೇವ ಏರದಂತೆ ನೋಡಿಕೊಳ್ಳುವುದು, ಅಮೋನಿಯಾ ಹೊರಗೆ ಹಾಕುವುದು. ಉಳಿದ ಕೆಲಸವನ್ನು ಒಣ ಹೊಟ್ಟು ಮಾಡಬೇಕು. ಅದಕ್ಕೆ ಮುಂದೆ ಬರುತ್ತೇನೆ.

ಗಾಳಿಗೆ ಎರಡು ಬಾಯಿ ಬೇಕು

ಬಿಸಿ ಗಾಳಿ ಮೇಲಕ್ಕೆ ಏರುತ್ತದೆ. ಮೇಲೆ ಹೊರಹೋಗಲು ಸಂದು ಇದ್ದರೆ ಹೋಗುತ್ತದೆ, ಅದರ ಜಾಗಕ್ಕೆ ಕೆಳಗಿನಿಂದ ತಂಪು ಗಾಳಿ ಬರುತ್ತದೆ. ಎರಡರಲ್ಲಿ ಒಂದನ್ನು ಮುಚ್ಚಿದರೂ ಓಡಾಟ ನಿಲ್ಲುತ್ತದೆ. ಬಹಳ ಜನ ಕೆಳಗಿನ ಕಿಟಕಿ ಬಿಟ್ಟು ಮೇಲಿನದನ್ನು ಮರೆಯುತ್ತಾರೆ. ಕೋಳಿಯ ಮೈಗೆ ಬೀಸುವ ಗಾಳಿ ಬೇಡ, ಅದರ ತಲೆ ಮೇಲೆ ಹಾದುಹೋಗುವ ಗಾಳಿ ಬೇಕು. ಈ ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಆದ್ದರಿಂದ ಟಾರ್ಪಾಲು ಪೂರ್ತಿ ಬಿಸಾಡಬೇಡಿ, ಕಟ್ಟುವ ರೀತಿ ಬದಲಿಸಿ. ಈಗ ನೀವು ಮೇಲೆ ಬಿಗಿದು ಕೆಳಗೆ ಇಳಿಬಿಟ್ಟಿರುತ್ತೀರಿ. ಗಾಳಿ ಬೇಕಾದಾಗ ಕೆಳಗಿನಿಂದ ಎತ್ತುತ್ತೀರಿ. ಆಗ ಗಾಳಿ ಸೀದಾ ಕೋಳಿಯ ಮೈಗೆ, ಕೆಟ್ಟ ಗಾಳಿ ಮೇಲೆಯೇ ಬಂದಿ. ಇದನ್ನು ತಿರುಗಿಸಿ. ಕೆಳ ಅಂಚನ್ನು ಗೋಡೆಗೆ ಬಿಗಿಯಿರಿ. ಮೇಲಿನ ಅಂಚಿಗೆ ಬಿದಿರು ಇಲ್ಲವೇ ಪೈಪ್ ಹಾಕಿ, ಹಗ್ಗ ಮತ್ತು ರಾಟೆಯಿಂದ ಏರಿಸಿ ಇಳಿಸುವಂತೆ ಮಾಡಿ. ಎಂಥ ಗಾಳಿಮಳೆ ಬಂದರೂ ಮೇಲೆ ಒಂದರಿಂದ ಒಂದೂವರೆ ಅಡಿ ತೆರೆದೇ ಇರಲಿ. ಮಳೆ ನಿಂತ ಕೂಡಲೇ ಪೂರ್ತಿ ಇಳಿಸಿ. ರಾತ್ರಿಯೂ ಇದೇ ನಿಯಮ. ಕೋಳಿಗಳೆಲ್ಲ ಒಳಗೇ ಕೂತು ಉಸಿರು ಬಿಡುವುದು ರಾತ್ರಿಯೇ.

ಮೇಲೆ ತೆರೆದರೆ ಎರಚಲು ಬರುವುದಿಲ್ಲವೇ? ಬರುತ್ತದೆ, ಸೂರು ಗಿಡ್ಡ ಇದ್ದರೆ. ಬಯಲುಸೀಮೆಗೆ ಮೂರು ಅಡಿ ಸೂರು ಸಾಕು. ಮಲೆನಾಡಿಗೆ ನಾಲ್ಕರಿಂದ ಐದು ಅಡಿ ಚಾಚಬೇಕು. ನಿಮ್ಮದಂತೂ ಪಶ್ಚಿಮಕ್ಕೆ ಮುಖ ಮಾಡಿದ ಶೆಡ್ಡು. ಮುಂಗಾರಿನ ಗಾಳಿ ಬರುವುದು ಅಲ್ಲಿಂದಲೇ. ಅದಕ್ಕೆ ಸೂರಿನ ಜೊತೆ ಅಡಿಕೆ ಸೋಗೆಯ ತಟ್ಟಿಯೂ ಬೇಕು. ತಟ್ಟಿಯನ್ನು ಬಲೆಗೆ ಅಂಟಿಸಿ ಕಟ್ಟಬೇಡಿ, ಸೂರಿನ ಹೊರ ಅಂಚಿನಿಂದ ಇಳಿಬಿಡಿ. ಮಳೆ ತಟ್ಟಿಗೆ ಹೊಡೆದು ಕೆಳಗಿಳಿಯುತ್ತದೆ. ತಟ್ಟಿಗೂ ಬಲೆಗೂ ನಡುವಿನ ಜಾಗದಲ್ಲಿ ಗಾಳಿ ಕೆಳಗಿನಿಂದ, ಪಕ್ಕದಿಂದ ನುಸುಳಿ ಬರುತ್ತದೆ. ನಮ್ಮ ಹಿರಿಯರು ಮನೆಯ ಜಗಲಿಗೆ ಮಳೆಗಾಲದಲ್ಲಿ ಕಟ್ಟುತ್ತಿದ್ದದ್ದೂ ಹೀಗೆಯೇ. ಗಾಳಿ ಬಿಡುವ, ಮಳೆ ತಡೆಯುವ ಸೋಗೆಗೆ ಪ್ಲಾಸ್ಟಿಕ್ ಸಮನಲ್ಲ.

ಈ ಶೆಡ್ಡನ್ನು ಏನು ಮಾಡಬಹುದು?

ನಿಮ್ಮ ಮುಂದೆ ಮೂರು ದಾರಿ ಇವೆ. ಮೂರಕ್ಕೂ ಅದರದ್ದೇ ಅಪಾಯ ಇದೆ.

ಮೊದಲನೆಯದು, ಇದನ್ನೇ ರಿಪೇರಿ ಮಾಡಿ 50ರವರೆಗೆ ಕೋಳಿ ಸಾಕುವುದು. ಪಶ್ಚಿಮದ ಐದು ಅಡಿ ಗೋಡೆಯನ್ನು ಒಂದೂವರೆ ಅಡಿಗೆ ಇಳಿಸಿ, ಮೇಲೆ ಬಲೆ ಹಾಕಿ. ಈಗಿನ ಗೋಡೆ ಕೋಳಿಯ ಎತ್ತರದಲ್ಲಿ ಗಾಳಿಯನ್ನೇ ತಡೆದಿದೆ. ಕೋಳಿ ನಿಂತ ಗಾಳಿಯ ಹೊಂಡದಲ್ಲಿ ಇದ್ದಂತೆ ಆಗಿದೆ. ಆಮೇಲೆ ಮುಖ್ಯವಾದ ಕೆಲಸ: ಮಾಡಿನ ಮೇಲ್ತುದಿ ಕೊಟ್ಟಿಗೆಯ ಗೋಡೆಗೆ ತಾಗುವಲ್ಲಿ ಉದ್ದಕ್ಕೂ ಮುಕ್ಕಾಲು ಅಡಿಯಾದರೂ ಸಂದು ಬಿಡಿಸಿ. ಅದರ ಮೇಲೆ ಕೊಟ್ಟಿಗೆಯ ಸೂರು ಚಾಚಿರಬೇಕು, ಸಂದಿಗೆ ಬಲೆ ಇರಬೇಕು. ಬಿಸಿ ಗಾಳಿ ಅಲ್ಲಿಂದ ಹೋಗುತ್ತದೆ. ಉತ್ತರ, ದಕ್ಷಿಣದ ಚಿಕ್ಕ ಗೋಡೆಗಳ ಮೇಲ್ಭಾಗವನ್ನೂ ಬಲೆ ಮಾಡಿಸಿ. ಇದರಲ್ಲಿ ಖರ್ಚು ಕಡಿಮೆ. ಆದರೆ ಒಂದು ಉದ್ದ ಬದಿ ಯಾವತ್ತೂ ಮುಚ್ಚಿಯೇ ಇರುತ್ತದೆ. ಗಾಳಿ ಅಡ್ಡ ಹಾಯುವುದಿಲ್ಲ. ಕೊಟ್ಟಿಗೆಯ ಗಂಜಲದ ತೇವವೂ ಗೋಡೆಯಲ್ಲಿ ಏರುತ್ತದೆ. ಮಳೆ ಬಿಡದೆ ಹೊಡೆಯುವ ವಾರಗಳಲ್ಲಿ ನೀವು ತುಂಬ ಎಚ್ಚರದಲ್ಲಿರಬೇಕಾಗುತ್ತದೆ.

ಎರಡನೆಯದು, ಬೇರೆ ಕಡೆ ಹೊಸ ಶೆಡ್ಡು ಕಟ್ಟಿ, ಇದನ್ನು ಮರಿ ಸಾಕುವ ಕೋಣೆ ಮತ್ತು ಹೊಟ್ಟಿನ ಉಗ್ರಾಣ ಮಾಡಿಕೊಳ್ಳುವುದು. 100 ಕೋಳಿ ಸಾಕಲೇಬೇಕು ಅಂತಿದ್ದರೆ ನಾನು ಹೇಳುವುದು ಇದನ್ನೇ. ಜಾಗ ಎತ್ತರದಲ್ಲಿರಲಿ, ಕೊಟ್ಟಿಗೆಯಿಂದ, ಗೊಬ್ಬರದ ಗುಂಡಿಯಿಂದ 20 ಅಡಿಯಾದರೂ ದೂರ ಇರಲಿ. ಅಡಿಕೆ ತೋಟದ ನಡುವೆ ಬೇಡ. ಅಲ್ಲಿ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ಶೆಡ್ಡಿನ ಉದ್ದ ಪೂರ್ವದಿಂದ ಪಶ್ಚಿಮಕ್ಕೆ ಇರಬೇಕು. ಎಲ್ಲ ಪುಸ್ತಕಗಳೂ ಇದನ್ನು ಬಿಸಿಲಿನ ಕಾರಣಕ್ಕೆ ಹೇಳುತ್ತವೆ. ಬೆಳಗಿನ, ಸಂಜೆಯ ಓರೆ ಬಿಸಿಲು ಆಗ ಚಿಕ್ಕ ಗೋಡೆಗೆ ಮಾತ್ರ ಬೀಳುತ್ತದೆ. ಮಲೆನಾಡಿನಲ್ಲಿ ಇನ್ನೊಂದು ಲಾಭವೂ ಇದೆ. ಪಶ್ಚಿಮದ ಮಳೆಗಾಳಿಯೂ ಆ ಚಿಕ್ಕ ಗೋಡೆಗೇ ಹೊಡೆಯುತ್ತದೆ. ಆ ಒಂದು ಗೋಡೆಯನ್ನು ಮಾಡಿನವರೆಗೆ ಗಟ್ಟಿಯಾಗಿ ಕಟ್ಟಿಬಿಡಿ. ಉತ್ತರ, ದಕ್ಷಿಣದ ಉದ್ದ ಬದಿಗಳು ಒಂದೂವರೆ ಅಡಿ ಗೋಡೆ, ಮೇಲೆ ಬಲೆ. ಅಡ್ಡ ಗಾಳಿಗೆ ಆಗ ದಾರಿ ಸಲೀಸು.

ಅಳತೆ 25 ಅಡಿಗೆ 12 ಅಡಿ ಇರಲಿ. ಅಗಲ ಕಡಿಮೆ ಇದ್ದಷ್ಟೂ ಗಾಳಿ ಚೆನ್ನಾಗಿ ದಾಟುತ್ತದೆ. ದೊಡ್ಡ ಶೆಡ್ಡುಗಳೂ 25–30 ಅಡಿ ಅಗಲ ಮೀರಬಾರದು. ಬದಿಯ ಎತ್ತರ ಎಂಟು ಅಡಿ, ನಡುವೆ ಹನ್ನೊಂದರಿಂದ ಹನ್ನೆರಡು. ನಡು ನೆತ್ತಿಯಲ್ಲಿ ಉದ್ದಕ್ಕೂ ಒಂದು ಅಡಿ ತೆರೆದು, ಅದರ ಮೇಲೆ ಟೋಪಿ ಹಾಕಿದ ಹಾಗೆ ಎತ್ತರಿಸಿದ ಚಿಕ್ಕ ಮಾಡು ಕೂರಿಸಿ. ನೆಲ ಸುತ್ತಲಿನ ಮಟ್ಟಕ್ಕಿಂತ ಎರಡು ಅಡಿ ಎತ್ತರದಲ್ಲಿರಲಿ, ಸುತ್ತ ಕಾಲುವೆ ಇರಲಿ. ಅಡಿಪಾಯ ತಗ್ಗಿದ್ದರೆ ಮೇಲೆ ಏನು ಮಾಡಿದರೂ ನೆಲದಿಂದ ತೇವ ಏರುತ್ತದೆ. ಮಾಡಿಗೆ ಮಂಗಳೂರು ಹೆಂಚು ಸಿಕ್ಕರೆ ತಗಡಿಗಿಂತ ಒಳ್ಳೆಯದು. ಹೆಂಚಿನ ಸಂದುಗಳಲ್ಲಿ ಗಾಳಿ ಆಡುತ್ತದೆ, ಬೇಸಿಗೆಯಲ್ಲಿ ತಂಪು, ಒಳಗೆ ಹನಿ ಕೂರುವುದು ಕಡಿಮೆ. ತಗಡೇ ಹಾಕುವುದಾದರೆ ಏಪ್ರಿಲ್‌ನಲ್ಲಿ ಮೇಲೆ ಸೋಗೆ ಹೊದಿಸಿ, ಇಲ್ಲವೇ ಸುಣ್ಣ ಬಳಿಯಿರಿ. ಬಲೆಯ ಕಣ್ಣು ಅರ್ಧ ಇಂಚಿನದು, ಗಟ್ಟಿ ಬೆಸುಗೆಯದ್ದು ಇರಲಿ. ಮುಂಗುಸಿ, ಕಾಡುಬೆಕ್ಕು, ಹಾವು ಮೂರಕ್ಕೂ ನಿಮ್ಮಲ್ಲಿ ಕೊರತೆ ಇಲ್ಲ. ಗಾಳಿಗೆ ಅಂತ ತೆರೆದ ಪ್ರತಿ ಸಂದೂ ಅವಕ್ಕೆ ಬಾಗಿಲು. ನೆತ್ತಿಯ ಸಂದಿಗೂ ಬಲೆ ಮರೆಯಬೇಡಿ.

ಮೂರನೆಯದು ಅಟ್ಟದ ಗೂಡು. ನೆಲದಿಂದ ಮೂರು ಅಡಿ ಎತ್ತರದಲ್ಲಿ ಅಡಿಕೆ ಮರ ಸೀಳಿದ ದಬ್ಬೆಗಳನ್ನು ಒಂದು ಇಂಚು ಸಂದು ಬಿಟ್ಟು ಹೊಡೆದು, ಕೋಳಿಯನ್ನು ಅದರ ಮೇಲೆ ಬಿಡುವುದು. ಹಿಕ್ಕೆ ಕೆಳಗೆ ಬೀಳುತ್ತದೆ, ಕೋಳಿಗೂ ಹಿಕ್ಕೆಗೂ ಸಂಬಂಧ ತಪ್ಪುತ್ತದೆ. ರಕ್ತಭೇದಿ, ಹುಳದ ಕಾಟ ಬಹಳ ಕಡಿಮೆ. ಹೊಟ್ಟು ಬೇಡ. ಮಳೆ ಜಾಸ್ತಿ ಇರುವ ಕಡೆ ಇದು ನಿಜಕ್ಕೂ ಒಳ್ಳೆಯ ಪದ್ಧತಿ, ದಬ್ಬೆ ನಿಮ್ಮ ತೋಟದಲ್ಲೇ ಸಿಗುತ್ತದೆ. ಆದರೆ ಗಿರಿರಾಜ ಭಾರದ ತಳಿ. ದಬ್ಬೆಯ ಅಂಚು ಒರಟಾಗಿದ್ದರೆ ಪಾದ ಗಾಯವಾಗಿ ಬಾವು ಬರುತ್ತದೆ. ಅಂಚನ್ನು ಚೆನ್ನಾಗಿ ಹೆರೆಸಿ ನುಣುಪು ಮಾಡಬೇಕು. ಕೆಳಗಿನ ಹಿಕ್ಕೆಗೆ ಮಳೆನೀರು ಸೇರಿದರೆ ನೊಣ, ಹುಳ, ಘಾಟು ಮೂರೂ ಶುರು. ಆ ಘಾಟು ಏರುವುದು ಸೀದಾ ಮೇಲಿನ ಕೋಳಿಗೆ. ವಾರಕ್ಕೊಮ್ಮೆ ಎಳೆದು ತೆಗೆಯಲೇಬೇಕು. ದಬ್ಬೆಗೆ ಹುಳ ಹಿಡಿಯುವುದರಿಂದ ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಎಳೆ ಮರಿಗೆ ಇದು ಆಗುವುದಿಲ್ಲ.

ನನ್ನ ಅನುಭವದಲ್ಲಿ ಮಲೆನಾಡಿಗೆ ಚೆನ್ನಾಗಿ ಹೊಂದಿದ್ದು ಹೊಟ್ಟಿನ ನೆಲ, ಅಟ್ಟ ಎರಡನ್ನೂ ಸೇರಿಸಿದ ಶೆಡ್ಡು. ಅರ್ಧ ನೆಲದಲ್ಲಿ ಹೊಟ್ಟು, ಉಳಿದರ್ಧದಲ್ಲಿ ಎರಡು ಅಡಿ ಎತ್ತರದ ದಬ್ಬೆ ಅಟ್ಟ. ರಾತ್ರಿ ಕೂರುವ ಕೋಲು, ನೀರಿನ ಪಾತ್ರೆ ಎರಡೂ ಅಟ್ಟದ ಮೇಲೆ. ರಾತ್ರಿಯ ಹಿಕ್ಕೆ, ಚೆಲ್ಲಿದ ನೀರು ಹೊಟ್ಟಿಗೆ ಬೀಳುವುದೇ ಇಲ್ಲ. ಕೆರೆದಾಡಲು ಕೋಳಿಗೆ ಒಣ ನೆಲ ಉಳಿಯುತ್ತದೆ.

ಎಷ್ಟು ಕೋಳಿಗೆ ಎಷ್ಟು ಜಾಗ?

ವಿಡಿಯೋದಲ್ಲಿ ಹೇಳಿದ ಒಂದು ಚದರಡಿ ಸುಳ್ಳಲ್ಲ, ಆದರೆ ಅದು ನಿಮ್ಮ ಕೋಳಿಯ ಲೆಕ್ಕವಲ್ಲ. ಆರು ವಾರಕ್ಕೆ ಮಾರಿಬಿಡುವ ಬ್ರಾಯ್ಲರ್‌ಗೆ ಅದು ಸಾಕು. ವರ್ಷಗಟ್ಟಲೆ ಇದ್ದು ಮೊಟ್ಟೆ ಇಡುವ ಕೋಳಿಗೆ ಹೊಟ್ಟಿನ ನೆಲದಲ್ಲಿ ಎರಡರಿಂದ ಎರಡೂವರೆ ಚದರಡಿ ಬೇಕು. ಹಗಲು ಹೊರಗೆ ಮೇಯುವ ಕೋಳಿಗೆ ಕಡಿಮೆ ಸಾಕು ಅನ್ನುತ್ತಾರೆ. ಬಯಲುಸೀಮೆಗೆ ಅದು ಸರಿ. ಆದರೆ ಜುಲೈ, ಆಗಸ್ಟ್‌ನಲ್ಲಿ ನಿಮ್ಮ ಕೋಳಿ ವಾರಗಟ್ಟಲೆ ಹೊರಗೆ ಕಾಲಿಡುವುದಿಲ್ಲ. ಶೆಡ್ಡನ್ನು ಆ ವಾರಗಳಿಗೆ ಅಳೆಯಬೇಕು. ಅದಕ್ಕೆ ಮಲೆನಾಡಿಗೆ ಒಂದು ಕೋಳಿಗೆ ಮೂರು ಚದರಡಿ ಅಂತ ನಾನು ಹೇಳುತ್ತೇನೆ. 100ಕ್ಕೆ 300 ಚದರಡಿ, ಅಂದರೆ ಮೇಲೆ ಹೇಳಿದ 25 ಅಡಿಗೆ 12 ಅಡಿ. ಹಳೆಯ ಶೆಡ್ಡಿನ ಅಳತೆಗೆ 66 ಹಿಡಿಯುತ್ತದೆ, ಗಾಳಿಯ ಕೊರತೆಯಿಂದ 50ಕ್ಕೆ ನಿಲ್ಲಿಸಿ ಅಂದೆ.

ಕೂರುವ ಕೋಲು ಕೋಳಿಗೆ ಎಂಟು ಇಂಚು, ನೆಲದಿಂದ ಎರಡು ಅಡಿಗಿಂತ ಎತ್ತರ ಬೇಡ. ಭಾರದ ಕೋಳಿ ಎತ್ತರದಿಂದ ಹಾರಿ ಕಾಲು ಕೆಡಿಸಿಕೊಳ್ಳುತ್ತದೆ. ಮೊಟ್ಟೆ ಗೂಡು ಐದು ಹೇಂಟೆಗೆ ಒಂದು. ಮೇವಿನ ಪಾತ್ರೆಯಲ್ಲಿ ಒಂದಕ್ಕೆ ನಾಲ್ಕು ಇಂಚು ಅಂಚು. ಮರಿ ಬೇಕಿದ್ದರೆ ಮಾತ್ರ ಹತ್ತು ಹೇಂಟೆಗೆ ಒಂದು ಹುಂಜ ಇಡಿ. ಮೊಟ್ಟೆಗೆ ಹುಂಜ ಬೇಕಿಲ್ಲ.

ಹೊಟ್ಟು, ನೀರು, ಸುಣ್ಣ

ಉಮಿ ಇರಲಿ, ಮರದ ಹೊಟ್ಟು ಇರಲಿ, ಮೇ ತಿಂಗಳಲ್ಲೇ ತುಂಬಿಸಿ ಒಣ ಜಾಗದಲ್ಲಿ ಇಟ್ಟುಕೊಳ್ಳಿ. ಜುಲೈನಲ್ಲಿ ಒಣ ಹೊಟ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಸಿಕ್ಕಿದ್ದು ಬೂಷ್ಟು ಹಿಡಿದಿರುತ್ತದೆ, ಅದರ ಶಿಲೀಂಧ್ರವೇ ಕೋಳಿಯ ಶ್ವಾಸಕೋಶಕ್ಕೆ ಕಾಯಿಲೆ ತರುತ್ತದೆ. ಮಳೆ ಶುರುವಾಗುವಾಗ ನಾಲ್ಕು ಇಂಚು ಹಾಸಿರಿ. ದಿನಾ ಒಮ್ಮೆ ಕೆದರಿ. ಗಂಟು ಕಟ್ಟಿದ್ದನ್ನು ಒಡೆಯುತ್ತ ಕೂರಬೇಡಿ, ತೆಗೆದು ಹೊರಗೆ ಹಾಕಿ ಹೊಸದು ತುಂಬಿ. ಒಂದು ಹಿಡಿ ಹೊಟ್ಟನ್ನು ಮುಷ್ಟಿಯಲ್ಲಿ ಒತ್ತಿ ನೋಡಿ. ಕೈ ಬಿಟ್ಟಾಗ ಉಂಡೆಯಾಗಿಯೇ ಉಳಿದರೆ ತೇವ ಜಾಸ್ತಿ. ಸ್ವಲ್ಪ ಅಂಟಿ ಹಾಗೇ ಉದುರಿದರೆ ಸರಿ.

ಹೊಟ್ಟು ಒದ್ದೆಯಾಗಲು ಮಳೆಗಿಂತ ದೊಡ್ಡ ಕಾರಣ ನೀರಿನ ಪಾತ್ರೆ. ಅದನ್ನು ಕೋಳಿಯ ಬೆನ್ನಿನ ಎತ್ತರಕ್ಕೆ ಏರಿಸಿ, ಕೆಳಗೆ ಬಲೆ ಚೌಕಟ್ಟು ಇಡಿ, ಚೆಲ್ಲಿದ್ದು ಹೊರಗೆ ಹರಿಯಲಿ.

ಸುಣ್ಣದ ವಿಷಯದಲ್ಲಿ ಒಂದು ಎಚ್ಚರ. ಅರಳಿದ ಸುಣ್ಣದ ಪುಡಿ ತೇವ ಹೀರುತ್ತದೆ, ನಿಜ. ಆದರೆ ಅದು ಕ್ಷಾರ. ಹೊಟ್ಟಿನಲ್ಲಿ ಅಡಗಿರುವ ಅಮೋನಿಯಾವನ್ನು ಒಮ್ಮೆಲೇ ಗಾಳಿಗೆ ಎಬ್ಬಿಸುತ್ತದೆ. ಶೆಡ್ಡು ಮುಚ್ಚಿಕೊಂಡು ಸುಣ್ಣ ಹಾಕಿದರೆ ಆ ದಿನ ಕೋಳಿಗಳ ಕಣ್ಣು ಇನ್ನಷ್ಟು ಉರಿಯುತ್ತದೆ. ಮಳೆ ಬಿಟ್ಟಾಗ, ಟಾರ್ಪಾಲು ಪೂರ್ತಿ ಇಳಿಸಿ ಬಲೆ ತೆರೆದು, ತೆಳುವಾಗಿ ಎರಚಿ ಕೆದರಿ. ಘಾಟು ಈಗಾಗಲೇ ಜೋರಾಗಿದ್ದರೆ ಸುಣ್ಣಕ್ಕಿಂತ ಮೊದಲು ಒದ್ದೆ ಹೊಟ್ಟನ್ನೇ ತೆಗೆಯಬೇಕು.

ಫ್ಯಾನ್ ಮತ್ತು ಬಲ್ಬ್

ಸೀಲಿಂಗ್ ಫ್ಯಾನ್ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಅದು ಸುಮ್ನೆ ಖರ್ಚು. ಗಾಳಿ ಹೊರದೂಡುವ ಫ್ಯಾನ್ ಕೆಲಸ ಮಾಡುತ್ತದೆ, ಎದುರಿಗೆ ಗಾಳಿ ಒಳಬರುವ ಸಂದು ಇದ್ದರೆ. ಆದರೆ ನಿಮ್ಮೂರಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವುದು ಸರಿಯಾಗಿ ಗಾಳಿ ಬೇಕಾದ ದಿನಗಳಲ್ಲೇ. ಕರೆಂಟನ್ನು ನಂಬಿದ ಶೆಡ್ಡು ಮಲೆನಾಡಿಗೆ ಆಗದು. ಕರೆಂಟ್ ಇಲ್ಲದೆಯೂ ಉಸಿರಾಡುವ ಶೆಡ್ಡು ಕಟ್ಟಿ, ಆಮೇಲೆ ಬೇಕಾದರೆ ಬೇಸಿಗೆಗೆ ಫ್ಯಾನ್ ಹಾಕಿ.

ದೊಡ್ಡ ಕೋಳಿಗೆ ಬಿಸಿಗಾಗಿ ಬಲ್ಬ್ ಬೇಡ. ಬೆಳಕಿಗೆ ಬೇಕು. ಮೊಟ್ಟೆ ಕೋಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಸಿಗಬೇಕು. ಮೋಡದ ದಿನಗಳಲ್ಲಿ ಬೆಳಗಿನ ಜಾವ ದೀಪ ಹಾಕಿದರೆ ಮೊಟ್ಟೆ ಇಳಿಯುವುದು ತಪ್ಪುತ್ತದೆ. ಮರಿಗಳ ಮಾತು ಬೇರೆ. ಮೊದಲ ವಾರ 35 ಡಿಗ್ರಿ ಬಿಸಿ ಬೇಕು, ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಮಲೆನಾಡಿನ ಮಳೆಯಲ್ಲಿ ನಾಲ್ಕು ಐದು ವಾರವೂ ಬೇಕಾಗಬಹುದು. ಆಗಲೂ ಕೋಣೆಯ ಮೇಲ್ಭಾಗ ತೆರೆದಿರಲಿ. ಕರೆಂಟ್ ಹೋದಾಗ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ ಇಡುವವರಿದ್ದಾರೆ. ದಯವಿಟ್ಟು ಬೇಡ. ಅದರ ವಿಷಗಾಳಿಗೆ ವಾಸನೆ ಇಲ್ಲ, ಮರಿಗಳೂ ಸಾಯುತ್ತವೆ, ನೋಡಲು ಹೋದವರ ಜೀವಕ್ಕೂ ಅಪಾಯ.

ಈ ಉತ್ತರವನ್ನು ಬೇರೆ ಕಡೆಯವರೂ ಓದುತ್ತಾರೆ, ಅವರಿಗೆ ಒಂದು ಮಾತು. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಇದೇ ನಕ್ಷೆ ನಡೆಯದು. ಅಲ್ಲಿ ಶತ್ರು 40 ಡಿಗ್ರಿ ದಾಟುವ ಒಣ ಬಿಸಿಲು. ಮಾಡಿಗೆ ದಪ್ಪ ಹೊದಿಕೆ, ಮಧ್ಯಾಹ್ನ ಬದಿಗೆ ಒದ್ದೆ ಗೋಣಿ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ, ಒಣ ಗಾಳಿ ನೀರನ್ನು ಬೇಗ ಹೀರಿ ತಂಪಾಗುವುದರಿಂದ. ಉಡುಪಿ, ಮಂಗಳೂರು ಕಡೆ ಬೇಸಿಗೆಯಲ್ಲಿ ಒದ್ದೆ ಗೋಣಿ ಕಟ್ಟಿದರೆ ಉಪಯೋಗ ಇಲ್ಲ. ಅಲ್ಲಿನ ಗಾಳಿ ಮೊದಲೇ ತೇವದ್ದು, ಗಾಳಿಯ ಓಟ ಒಂದೇ ದಾರಿ. ಕೋಳಿಗೆ ಬೆವರುವ ಶಕ್ತಿ ಇಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು.

ಇನ್ನು ನಿಮ್ಮ ಮುಂದಿನ ಹೆಜ್ಜೆ. ಮರಿ ತರುವುದನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಬೇಡಿ. ಅಕ್ಟೋಬರ್‌ನಲ್ಲಿ ತಂದರೆ ಬೇಸಿಗೆಯ ಹೊತ್ತಿಗೆ ಮೊಟ್ಟೆಗೆ ಬರುತ್ತವೆ, ಮುಂದಿನ ಜೂನ್‌ಗೆ ಗಟ್ಟಿಯಾಗಿರುತ್ತವೆ. ಬೇಸಿಗೆಯಲ್ಲಿ ಗೋಡೆಯ ಕೆಲಸ ಮುಗಿಸಿ. ಕಟ್ಟುವ ಮೊದಲು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲೋ, ಬೆಂಗಳೂರಿನ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲೋ ನಕ್ಷೆ ತೋರಿಸಿ ಮಾತಾಡಿ. ಹಳೆಯ ಕೋಳಿಗಳಲ್ಲಿ ಬದುಕಿ ಉಳಿದವು ಇದ್ದರೆ ಹೊಸ ಮರಿಗಳ ಜೊತೆ ಬಿಡಬೇಡಿ. ನೋಡಲು ಚೆನ್ನಾಗಿದ್ದರೂ ಅವು ರೋಗಾಣು ಹೊತ್ತಿರಬಹುದು.

ಕೊನೆಗೆ, ಹೋದ ವರ್ಷದ ಒಂಬತ್ತೂ ಘಾಟಿನಿಂದಲೇ ಸತ್ತವು ಎಂದು ನಾನು ದೂರದಿಂದ ಹೇಳಲಾರೆ. ಘಾಟು ದಾರಿ ಮಾಡಿಕೊಟ್ಟಿದೆ ಎಂಬುದು ಖಚಿತ. ಆದರೆ ಸೀನು, ಕಣ್ಣಲ್ಲಿ ನೀರು ಕೊಕ್ಕರೆ ರೋಗ (ರಾಣಿಖೇತ್) ಎಂಬ ವೈರಸ್ ಕಾಯಿಲೆಯಲ್ಲೂ ಬರುತ್ತದೆ. ಮುಖ ಊದಿ, ಮೂಗಿನಿಂದ ನಾರುವ ಸಿಂಬಳ ಬರುವ ಸೋಂಕೂ ಇದೆ. ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸಲೇಬೇಕು. ಮೊದಲ ವಾರದಲ್ಲಿ ಒಮ್ಮೆ, ಎಂಟನೇ ವಾರದಲ್ಲಿ ಇನ್ನೊಮ್ಮೆ, ನಡುವಿನದನ್ನು ನಿಮ್ಮ ಪಶುವೈದ್ಯರು ಹೇಳುತ್ತಾರೆ. ಅಂಗಡಿಯಿಂದ ಆಂಟಿಬಯಾಟಿಕ್ ತಂದು ನೀರಿಗೆ ಹಾಕಬೇಡಿ. ಮುಂದೆ ಕೋಳಿ ಸತ್ತರೆ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಎತ್ತಿ, ಇನ್ನೊಂದು ಚೀಲದಲ್ಲಿ ಬಿಗಿಯಾಗಿ ಕಟ್ಟಿ, ತಡಮಾಡದೆ ಪಶು ಆಸ್ಪತ್ರೆಗೆ ತಲುಪಿಸಿ. ಕೊಯ್ದು ನೋಡಿದರೆ ಕಾರಣ ಬಹಳ ಸಲ ಅಲ್ಲೇ ಗೊತ್ತಾಗುತ್ತದೆ. ಮರುದಿನಕ್ಕೆ ಇಟ್ಟರೆ ಕೊಳೆತು ಏನೂ ತಿಳಿಯುವುದಿಲ್ಲ. ಒಂದೇ ದಿನ ನಾಲ್ಕಾರು ಸತ್ತರೆ ಮುಟ್ಟದೆ, ಎಲ್ಲಿಗೂ ಸಾಗಿಸದೆ, ವೈದ್ಯರಿಗೆ ಫೋನ್ ಮಾಡಿ ಅವರನ್ನೇ ಕರೆಸಿ.